ಇಂಗಿನ ಡಬ್ಬಿ

ಅತ್ತೆ,

ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ ನಿಮ್ಮ ಕಾಯಿಲೆ ನಿಮ್ಮ ಮೊಮ್ಮಗಳಿಗೂ ಬಂದಿದೆ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಅವಳಿಗೂ ಆಗಿಬರುವುದಿಲ್ಲ. ಗಾಬರಿಯಾಗಬೇಡಿ, ಅಕ್ಕಿ, ಜೋಳ, ಬೇಳೆ, ಮೊಟ್ಟೆ, ಸೊಪ್ಪು ತಿಂದು ಗುಂಡಗಾಗುತ್ತಿದ್ದಾಳೆ.

ಇವತ್ತು ಪಥ್ಯ ಹೇಳಿಕೊಡುವ ಡಾಕ್ಟರಮ್ಮ ಮನೆಗೇ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಿರುಗಿಸಿ ತಿರುಗಿಸಿ ಓದಿದರು. ಗೋಧಿ ಚೂರೂ ಸೋಕದ ಬೇರೆ ಬಾಣಲೆ, ಬೇರೆ ಜರಡಿ, ಎಲ್ಲವೂ ನಿಮ್ಮ ಕಾಲದಿಂದ ಇಟ್ಟದ್ದೇ ಎಂದು ನಾನು ಜಂಬದಿಂದ ನಿಂತಿದ್ದೆ. ಅವರು ಇಂಗಿನ ಡಬ್ಬಿ ಎತ್ತಿ, "ಇದನ್ನ ಓದಿದ್ದೀರಾ? ಗೋಧಿ ಹಿಟ್ಟು ಬೆರೆಸಿದ್ದಾರಲ್ಲ!" ಎಂದರು.

ನಿಮಗೆ ಹೊಟ್ಟೆ ಉಬ್ಬರಿಸಿದಾಗಲೆಲ್ಲ ಬಿಸಿನೀರಿಗೆ ಅದನ್ನೇ ಎರಡು ಚಿಟಿಕೆ ಹಾಕಿ ಕೊಡುತ್ತಿದ್ದೆನಲ್ಲ. ನೀವು ಕುಡಿದು, "ನಿನ್ನ ಕೈಗುಣ ಚೆನ್ನಾಗಿದೆ" ಎನ್ನುತ್ತಿದ್ದಿರಿ. ಮತ್ತೆ ನೋವು ಬಂದಾಗ ನಾನು, "ಕದ್ದು ಬಿಸ್ಕತ್ತು ತಿಂತಿದ್ದೀರಿ, ಅದಕ್ಕೇ" ಎಂದು ರೇಗಿ ನಿಮ್ಮ ಕೋಣೆಯನ್ನೆಲ್ಲ ಹುಡುಕಿದೆ.

ಹಾಸಿಗೆ ಭಾರವಾಗಿತ್ತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಅದನ್ನೆತ್ತಲು ನೀವೇ ನೆರವಾದಿರಿ. "ಸರಿಯಾಗಿ ನೋಡಮ್ಮ, ನಿನಗೂ ಸಮಾಧಾನ ಆಗ್ಲಿ" ಎಂದಿರಿ.