ಪಂಡಿತರ ಕೋಟೆ ಬೀಳಲಿಲ್ಲ ಅಕ್ಕಾ

ನನ್ನನ್ನು ಎತ್ತಿ ಆಡಿಸಿದ, ಅದಕ್ಕಿಂತ ಹೆಚ್ಚಾಗಿ ಬೈದು ಬೆಳೆಸಿದ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರ. ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ಕಾಗದ ಬರೆಯುತ್ತಿದ್ದೇನೆ. ಅಲ್ಲಿ ಓದಿದವರು ಯಾರಾದರೂ ಇದ್ದೇ ಇರುತ್ತಾರೆ, ಓದಿಸಿಕೋ. ಯಾರೂ ಸಿಕ್ಕದಿದ್ದರೆ ನಿನ್ನ ಮಗಳು ಮಂಗಳ ನಿನ್ನ ಫೋಟೋದ ಮುಂದೆ ನಿಂತು ಓದುತ್ತಾಳೆ. ಅಕ್ಷರ ದುಂಡಗಿದೆಯಾ ಎಂದು ಮಾತ್ರ ಕೇಳಬೇಡ. ಈ ಊರಿನಲ್ಲಿ ಏಳನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದವನು ನಾನು, ನನ್ನ ಅಕ್ಷರ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾ? ವಿಷಯ ಇಷ್ಟೇ. ನೀನು ಅರ್ಧಕ್ಕೆ ಬಿಟ್ಟು ಹೋದೆಯಲ್ಲ, ಆ ಪಂಡಿತರ ಕೋಟೆಯ ಕತೆ, ಅದು ಏನಾಯಿತು ಎಂದು ನಿನಗೆ ಗೊತ್ತೇ ಇಲ್ಲ. ಎರಡು ವರ್ಷ ತಡವಾಗಿ ಹೇಳುತ್ತಿದ್ದೇನೆ, ಬೈಯಬೇಡ.

ಕತೆ ಹುಟ್ಟಿದ ದಿನ ನೆನಪಿದೆಯಾ? ನಮ್ಮ ಮೊದಲ ಬೆಳೆಯ ರೇಷ್ಮೆ ಗೂಡು ಚೀಲಕ್ಕೆ ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದೆವು. ಬಸ್ಸಿನ ಕಿಟಕಿಯಿಂದ ಬಂಡೆ ಬೆಟ್ಟ ಕಾಣುತ್ತಲೇ ನೀನು ನನ್ನ ತೊಡೆಗೆ ತಿವಿದೆ.

"ಲೇ, ಅದ್ರ ಮ್ಯಾಲೆ ಯಾರವ್ರ್ಲಾ?"

"ರಣಹದ್ದವೆ ಕಣಕ್ಕ."

"ಅಲ್ಲ ಕಣ್ಲಾ. ಪಂಡಿತ್ರವ್ರೆ. ಕೋಟೆ ಕಟ್ಕಂಡು ಒಳಗಡೆ ಕೂತ್ಕಂಡು ಓದ್ತಾವ್ರೆ. ಲೋಕದಾಗಿರೋ ಪುಸ್ತಕ ಎಲ್ಲ ಅಲ್ಲೇ ಐತೆ."

ನಾನು ನಕ್ಕೆ. ಏಳನೇ ಕ್ಲಾಸಿನ ಪುಸ್ತಕದಲ್ಲಿ ಅಂಥ ಕೋಟೆ ಎಲ್ಲೂ ಇಲ್ಲ ಎಂದೆ. "ನಿನ್ ಪುಸ್ತಕದಾಗೆ ನಮ್ಮೂರೂ ಇಲ್ಲ. ಹಂಗಂತ ನಾವು ಇಲ್ವೇನ್ಲಾ?" ಎಂದು ಬಾಯಿ ಮುಚ್ಚಿಸಿದೆ. ಇಡೀ ಬಸ್ಸು ನಕ್ಕಿತು. ಮೀಸೆ ಚಿಗುರಿದ ಗಂಡಸಿಗೆ ಹೇಗಾಗಿರಬೇಡ!

ಆಮೇಲೆ ಪ್ರತಿ ಬೆಳೆಗೂ ಕೋಟೆ ಒಂದೊಂದು ಮೊಳ ಎದ್ದಿತು. ನೀನು ಕಟ್ಟಿದ್ದೆಲ್ಲ ನಮ್ಮ ಹುಳದ ಮನೆಯ ಕಾನೂನಿನಿಂದಲೇ. ನಾವು ಇರುವೆ ಹತ್ತಬಾರದೆಂದು ತಟ್ಟೆಯ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡುತ್ತೇವಲ್ಲ, ನಿನ್ನ ಕೋಟೆಯಲ್ಲಿ ಒಂದೊಂದು ಕಂಬಕ್ಕೂ ಒಂದೊಂದು ಕಂದಕ. ಕಾಲು ತೊಳೆಯದೆ ರಾಜನೂ ಒಳಗೆ ಹೋಗುವಂತಿಲ್ಲ. ಒಗ್ಗರಣೆ ಘಾಟು, ಬೀಡಿ ಹೊಗೆ ಬಾಗಿಲ ಆಚೆಗೇ. ಪಂಡಿತರು ಹಗಲೂ ರಾತ್ರಿ ಓದುತ್ತಾರೆ. ಆ ಹಾಳೆ ತಿರುವುವ ಸದ್ದು ಬೆಟ್ಟದ ಕೆಳಗಿನ ಊರಿಗೆ ಸೋನೆ ಮಳೆಯ ಹಾಗೆ ಕೇಳುತ್ತದೆ. ಹುಳ ನಾಲ್ಕು ಸಲ ಸೊಪ್ಪು ಬಿಟ್ಟು ಜ್ವರಕ್ಕೆ ಕೂರುತ್ತದಲ್ಲ, ಪಂಡಿತರೂ ಹಾಗೇ: ನಾಲ್ಕು ಸಲ ಪುಸ್ತಕ ಮುಚ್ಚಿ ನಿದ್ದೆ ಹೋಗುತ್ತಾರೆ, ಹಳೇ ಚರ್ಮ ಕಳಚಿ ಏಳುತ್ತಾರೆ. ನಾಲ್ಕನೇ ನಿದ್ದೆಯಾದ ಮೇಲೆ ಓದಿ ಓದಿ ಮೈ ಗಾಜಿನಂತಾಗುತ್ತದೆ, ಬೆಳಕಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆ. ಆಗ ಬಾಯಿಂದ ನೂಲು ತೆಗೆದು ಒಂದೇ ಎಳೆಯಲ್ಲಿ ಹೊಸ ಪುಸ್ತಕ ನೇಯುತ್ತಾರೆ. ಒಂದು ಅಕ್ಷರ ಕಲಿಯದ ನೀನು ಇದನ್ನೆಲ್ಲ ಎಲ್ಲಿಂದ ತಂದೆ? ಕೇಳಿದರೆ ಸೊಪ್ಪಿನ ಬುಟ್ಟಿ ನನ್ನ ತಲೆಗೆ ಹೊರಿಸಿ, ಎಲ್ಲಕ್ಕೂ ಮುಂದಾಗುವ ನಿನ್ನ ಆ ಎಡಗೈಯಲ್ಲಿ ಬೆನ್ನಿಗೊಂದು ಗುದ್ದುತ್ತಿದ್ದೆ.

ಊಜಿ ನೊಣ ನಮ್ಮ ಕಡೆ ಕಾಲಿಟ್ಟ ವರ್ಷ ನಿನ್ನ ಕೋಟೆಗೂ ಶತ್ರು ಹುಟ್ಟಿದ. ನೊಣ ಬಂದು ಹುಳದ ಬೆನ್ನ ಮೇಲೆ ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ, ಕಪ್ಪು ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ, ಒಳಗಿನಿಂದ ತಿಂದು ಮುಗಿಸುತ್ತದೆ. ನಿನ್ನ ಊಜಿರಾಯ ಪಂಡಿತರ ಬೆನ್ನಿಗೆ ಒಂದೊಂದು ಸುಳ್ಳು ಅಂಟಿಸುತ್ತಿದ್ದ. ಸುಳ್ಳು ಒಳಗೇ ಬೆಳೆದು ಪಂಡಿತನನ್ನು ತಿನ್ನುತ್ತಿತ್ತು. ಆ ಕತೆ ಕೇಳಿ ಪಕ್ಕದ ಮನೆಯ ಕೆಂಪಮ್ಮ ನನ್ನನ್ನು ತೋರಿಸಿ, "ಇವ್ನ ಬೆನ್ನೊಸಿ ನೋಡೇ ತಾಯಿ, ಎಷ್ಟ್ ಚುಕ್ಕೆ ಐತೋ" ಎಂದಿದ್ದು ಇನ್ನೂ ಉರಿಯುತ್ತದೆ.

ಆ ಕತೆಯ ಬಲ ನನಗೆ ತಿಳಿದಿದ್ದು ಹುಳ ಹಣ್ಣಾದ ದಿನಗಳಲ್ಲಿ. ಹಣ್ಣಾಗಿ ನೂಲು ಬಿಡಲು ನಿಂತ ಹುಳವನ್ನು ಅದೇ ದಿನ ಆರಿಸಿ ಗೂಡು ಕಟ್ಟುವ ಬಿದಿರು ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಸುತ್ತಿ ಗೂಡು ಹಾಳು. ಆಗ ಊರಿನಲ್ಲಿ ಎಲ್ಲರ ಮನೆಯಲ್ಲೂ ಹುಳ, ಆರಿಸುವ ಕೈಗೆ ಬರ. ಒಬ್ಬರ ಮನೆಗೆ ಒಬ್ಬರು ಮುಯ್ಯಾಳು ಹೋಗುವುದು. ಆದರೂ ಹೆಂಗಸರು ಮೊದಲು ನಮ್ಮ ಮನೆಗೇ ಬರುತ್ತಿದ್ದರು, ನಿನ್ನ ಕತೆಗೆ. ಕೈ ಚಂದ್ರಿಕೆ ಮೇಲೆ, ಕಿವಿ ನಿನ್ನ ಬಾಯಿ ಮೇಲೆ. ಕೊನೇ ಸಲ ನೀನು ಎಲ್ಲಿಗೆ ತಂದು ನಿಲ್ಲಿಸಿದ್ದೆ? ಪಂಡಿತರೆಲ್ಲ ನಾಲ್ಕನೇ ನಿದ್ದೆಯಲ್ಲಿದ್ದಾರೆ, ಮುಟ್ಟುವಂತಿಲ್ಲ, ಎಬ್ಬಿಸುವಂತಿಲ್ಲ. ಮೇಲಿನ ಕಿಟಕಿಯ ಬಲೆ ಒಂದು ಬೆರಳಷ್ಟು ಹರಿದಿದೆ. ಅದು ಊಜಿರಾಯನ ಕಣ್ಣಿಗೆ ಬಿದ್ದಿದೆ. "ಮಿಕ್ಕಿದ್ದು ಮುಂದಿನ್ ಬೆಳೆಗೆ" ಎಂದು ಎದ್ದು ಸೀರೆ ಕೊಡವಿದೆ. ಮುಂದಿನ ಬೆಳೆಗೆ ಮೊಟ್ಟೆ ತರುವ ಹೊತ್ತಿಗೆ ನೀನೇ ಎದೆ ಹಿಡಿದುಕೊಂಡು ಕೂತವಳು...

ಅದನ್ನು ಬರೆಯುವುದಿಲ್ಲ. ಗೆದ್ದ ಸುದ್ದಿಯ ಕಾಗದ ಇದು.

ನಿನ್ನ ಹನ್ನೊಂದನೇ ದಿನದ ಕಾರ್ಯ ಮುಗಿದು ತಿಂಗಳಿಗೆ ಮಂಗಳ ಬಂದು ನನ್ನ ಮುಂದೆ ನಿಂತಳು. "ಮಾವ, ಮೊಟ್ಟೆ ತತ್ತೀರಾ? ನಾನೇ ಹುಳ ಸಾಕ್ತೀನಿ." ಭಾವ ತಲೆಯೆತ್ತಲಿಲ್ಲ. ಅವರಿಗೆ ನಿನ್ನ ಹುಳದ ಮನೆಯ ಬಾಗಿಲು ತೆಗೆಯುವುದೇ ಆಗುತ್ತಿರಲಿಲ್ಲ. ಈ ಒಂದು ಬೆಳೆ ಕೆಟ್ಟರೆ ಸ್ಟ್ಯಾಂಡು, ತಟ್ಟೆ ಎಲ್ಲ ಕೊಟ್ಟು ಕೈ ತೊಳೆದುಕೊಳ್ಳುವುದು ಎಂದು ಅವರು ತೀರ್ಮಾನ ಮಾಡಿದ್ದರು. ನೀನು ಒಂದೊಂದಾಗಿ ಸೇರಿಸಿದ ಮನೆ ಅದು. ಹುಡುಗಿ ಹದಿನಾರಕ್ಕೇ ಒಬ್ಬಳೇ ಸಾಕಿದಳು ಅಕ್ಕಾ. ಸೊಪ್ಪು ತಂದವನು ನಾನು, ಅದನ್ನೂ ಬರೆದುಕೋ.

ಹಣ್ಣಾಗುವ ದಿನ ಹತ್ತಿರ ಬಂದಾಗ ಗೊತ್ತಾಯಿತು, ಅದೇ ದಿನ ಮೇಗಲ ಬೀದಿಯಲ್ಲಿ ಇನ್ನೂ ಎರಡು ಮನೆಯಲ್ಲಿ ಹುಳ ಹಣ್ಣು. ಆ ಮನೆಗಳಲ್ಲಿ ಬಾಡೂಟ ಬೇರೆ. ನಮ್ಮ ಮನೆಗೆ ಯಾರು ಬರುತ್ತಾರೆ? ನಾನು ಏನು ಮಾಡಿದೆ ಗೊತ್ತಾ? ಬೋರ್‌ವೆಲ್ ಹತ್ತಿರ ನೀರಿಗೆ ನಿಂತಿದ್ದ ಹೆಂಗಸರ ಮುಂದೆ ಎದೆ ಸೆಟೆಸಿ, "ಕೋಟೆ ಕತೆ ಕೊನೆಗೆ ಏನಾಯ್ತು ಅಂತ ಅಕ್ಕ ನಂಗೊಬ್ಬನಿಗೇ ಹೇಳ್ಬುಟ್ಟು ಹೋಗವ್ಳೆ. ಬುಧವಾರ ಬನ್ನಿ" ಎಂದುಬಿಟ್ಟೆ. ಹಸಿ ಸುಳ್ಳು. ನೀನು ನನಗೆ ಕೊನೆಗೆ ಹೇಳಿದ ಮಾತು "ಎಮ್ಮೆಗೆ ನೀರಿಟ್ಯಾ?" ಎಂದು.

ಬುಧವಾರ ಹನ್ನೆರಡು ಜನ ಹೆಂಗಸರು ಬಂದರು. ಒಬ್ಬೊಬ್ಬರೂ ಕಾಲು ತೊಳೆದು ಒಳಗೆ ಕೂತರು. ತಟ್ಟೆಗಳಲ್ಲಿ ಹುಳ ತಲೆಯೆತ್ತಿ ಜಾಗ ಹುಡುಕುತ್ತಿತ್ತು, ಮೈ ಬೆಳ್ಳಗೆ ಹೊಳೆಯುತ್ತಿತ್ತು. ಮಂಗಳ ನನ್ನ ಕಡೆ ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ: ಊಜಿರಾಯ ಹರಿದ ಬಲೆಗೆ ಬೆರಳು ಹಾಕಿದ. ಅಷ್ಟರಲ್ಲಿ ಚನ್ನಪಟ್ಟಣದ ಕಡೆಯಿಂದ ಒಬ್ಬ ವೀರ ಬಂದ. ಎತ್ತರದ ಆಳು, ಗುಂಗುರು ಕೂದಲು, ಕೈಯಲ್ಲಿ ಕತ್ತಿ, ಏಳು ವಿದ್ಯೆ ಕಲಿತವನು...

"ತಡಿಯಪ್ಪ," ಎಂದಳು ಕೆಂಪಮ್ಮ. "ಆ ವೀರ್ನ ಬಲಗಿವೀಲಿ ಕಡಕು ಐತಾ?"

ನಾನು ನನ್ನ ಬಲಗಿವಿಯ ರಿಂಗು ಮುಟ್ಟಿಕೊಂಡೆ. ಹೆಂಗಸರು ಹುಳದ ತಟ್ಟೆ ಅಲುಗುವ ಹಾಗೆ ನಕ್ಕರು.

"ನಿಮ್ಮಕ್ಕ ಹಿಂಗ್ ಯೋಳಿರಾಕಿಲ್ಲ ಕಣ್ಲಾ. ಕೋಟೆ ಒಳಕ್ಕೆ ಕತ್ತಿ ಬುಟ್ಟಿದ್ಳಾ ಅವ್ಳು, ಯಾವತ್ತಾದ್ರೂ? ಹುಳದ್ ಮನೇಲಿ ಕತ್ತಿ ಬೀಸ್ತಾರೇನ್ಲಾ?" ಕೆಂಪಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು. "ನಡೀರಮ್ಮಿ. ಮೇಗಲ ಬೀದೀಲೂ ಹುಳ ಹಣ್ಣಾಗವೆ."

ಇಬ್ಬರು ಎದ್ದರು. ಇನ್ನೂ ಅರ್ಧಕ್ಕೂ ಹೆಚ್ಚು ತಟ್ಟೆ ಉಳಿದಿತ್ತು. ಮಂಗಳ ತಲೆ ಬಗ್ಗಿಸಿ ಒಂದೊಂದೇ ಹುಳ ಆರಿಸುತ್ತಿದ್ದಳು. ಆಗ ನನ್ನ ಬಾಯಿಂದ ಹೇಗೆ ಬಂತೋ ಕಾಣೆ ಅಕ್ಕಾ.

"ಅಕ್ಕ ಏನೂ ಹೇಳ್ಲಿಲ್ಲ ಕೆಂಪಕ್ಕ. ನಾನು ಸುಳ್ಳು ಹೇಳ್ದೆ. ಕೊನೆ ಏನು ಅಂತ ನಂಗೂ ಗೊತ್ತಿಲ್ಲ."

ಸೊಪ್ಪು ಕಡಿಯುವ ಸದ್ದೂ ಇಲ್ಲ ಅವತ್ತು, ಹಣ್ಣು ಹುಳ ತಿನ್ನುವುದಿಲ್ಲವಲ್ಲ. ಕೆಂಪಮ್ಮ ನನ್ನನ್ನೇ ನೋಡಿದಳು. ಬೈಗುಳಕ್ಕೆ ನಾನು ಬೆನ್ನು ಕೊಟ್ಟು ಕೂತಿದ್ದೆ.

"ಹೇಳ್ಲಿಲ್ವಾ?" ಎಂದಳು. "ಹಂಗಾದ್ರೆ ಕೋಟೆ ಇನ್ನೂ ಬಿದ್ದಿಲ್ಲ."

ಹಾಗೆಂದು ಕೂತೇಬಿಟ್ಟಳು. ಎದ್ದಿದ್ದ ಇಬ್ಬರನ್ನು ಸೆರಗು ಹಿಡಿದು ಕೂರಿಸಿದಳು. "ಹರಿದಿರೋ ಬಲೆ ಹಂಗೇ ಬುಟ್ಬುಡ್ತೀವಾ? ಎಲ್ಡ್ ಬಾಗ್ಲು ಇಕ್ಕಿ. ಒಂದು ತೆಗುದ್ರೆ ಇನ್ನೊಂದು ಮುಚ್ಚಿರ್ಬೇಕು. ಮಧ್ಯದಾಗೆ ಕಗ್ಗತ್ಲು. ಸುಳ್ಳಿಗೆ ದಾರಿ ಕಾಣಾಕಿಲ್ಲ."

ಆಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. ಇನ್ನೊಬ್ಬಾಕೆ ಕಿಟಕಿಯ ಕೆಳಗೆ ಬಿಳಿ ತಟ್ಟೆಯಲ್ಲಿ ಔಷಧಿ ನೀರು ಇಟ್ಟಳು. ನಾವು ಊಜಿಗೆ ಇಡುವುದಿಲ್ಲವೇ, ಹಾಗೆ. ಊಜಿರಾಯ ಬೆಳ್ಳಗೆ ಹೊಳೆಯುವುದನ್ನು ಕಂಡು ಪಂಡಿತರ ಮೈಯೆಂದು ಹಾರಿ ಮುಳುಗಿದ. ಮೂಲೆಯಲ್ಲಿದ್ದ ಮುದುಕಿ, "ಸತ್ನಾ? ಒಸಿ ತಡೀರಿ, ಹಂಗೆಲ್ಲ ಸಾಯಾಕಿಲ್ಲ ಅವ್ನು" ಎಂದು ಅವನನ್ನು ಮತ್ತೆ ಎಬ್ಬಿಸಿ ಇನ್ನೊಂದು ಸುತ್ತು ಯುದ್ಧಕ್ಕೆ ಬಿಟ್ಟಳು. ಬಲೆ ಹೊಲಿಯಲು ಒಬ್ಬಳು ಮೇಲೆ ಹತ್ತಿದಳು, ಏಣಿ ಹಿಡಿಯಲು ನನ್ನನ್ನು ಕರೆದರು. ಹೌದು, ಕತೆಯೊಳಕ್ಕೇ ಕರೆದರು. ವೀರ ಅಲ್ಲ, ಏಣಿ ಹಿಡಿಯುವವನು. ಆದರೂ ಏಣಿ ಅಲುಗದ ಹಾಗೆ ಹಿಡಿದೆ ನೋಡು, ಆ ಕೆಲಸ ಎಲ್ಲರ ಕೈಲಿ ಆಗುವುದಲ್ಲ.

ಕೊನೆಗೆ ಒಂದೇ ತೊಡಕು ಉಳಿಯಿತು. ಪಂಡಿತರೆಲ್ಲ ಎದ್ದರು, ಅವರಿಗೆಲ್ಲ ಹಿರಿಯರಾದ ದೊಡ್ಡ ಪಂಡಿತರೊಬ್ಬರು ಮಾತ್ರ ಏಳಲಿಲ್ಲ. ಎದ್ದವರಿಗೆ ಹಸಿವು. ಪುಸ್ತಕ ಕೊಡಿ ಎಂದು ಗಲಾಟೆ. ಕೊಟ್ಟುಬಿಡೋಣ ಎಂದೆ ನಾನು. ಅಲ್ಲಿಯವರೆಗೂ ಮಾತಾಡದ ಮಂಗಳ ತಲೆಯೆತ್ತಿದಳು.

"ಕೊಡಂಗಿಲ್ಲ ಮಾವ. ಎಲ್ರೂ ಎದ್ ಮ್ಯಾಲೇ ಸೊಪ್ಪು. ಮೊದ್ಲು ಎದ್ದೋರು ಕಾಯ್ಬೇಕು. ಅಮ್ಮ ಹಂಗೇ ಮಾಡ್ತಿದ್ದಿದ್ದು."

ಸಾಕಿದವರಿಗೆ ಗೊತ್ತು, ಅವಸರ ಬಿದ್ದು ಮೊದಲೇ ಎದ್ದ ಹುಳಕ್ಕೆ ಸೊಪ್ಪು ಹಾಕಿದರೆ ಹಿಂದೆ ಉಳಿದವು ಹಿಂದೆಯೇ ಉಳಿದುಬಿಡುತ್ತವೆ. ಪಂಡಿತರು ಹಸಿದುಕೊಂಡೇ ಕಾದರು. ನಾವೂ ಕಾದೆವು, ಕೈ ಮಾತ್ರ ನಿಲ್ಲಿಸಲಿಲ್ಲ. ಹೊತ್ತು ಇಳಿಯುವಾಗ ಮಂಗಳ ಕೊನೆಯ ತಟ್ಟೆಯ ಕೊನೆಯ ಹುಳ ಚಂದ್ರಿಕೆಗೆ ಬಿಟ್ಟು, "ಎದ್ರು" ಎಂದಳು. ಅಷ್ಟೇ. ಹನ್ನೆರಡು ಜನ ಹೆಂಗಸರು ಕೂಗಿದ ಕೂಗಿಗೆ ಹೊರಗೆ ಕೂತಿದ್ದ ಭಾವ ಹುಳಕ್ಕೆ ಬೆಂಕಿ ಬಿತ್ತೆಂದು ಓಡಿ ಬಂದರು. ಬಂದವರು ಚಂದ್ರಿಕೆಗಳ ಮಧ್ಯೆ ನಿಂತರು. ನಾಳೆ ನಾಡಿದ್ದರಲ್ಲಿ ಗೂಡಾಗುವ ಹುಳ ಸಾಲು ಸಾಲಾಗಿ. ವಾಲಿದ್ದ ಒಂದು ಚಂದ್ರಿಕೆಯನ್ನು ನೆಟ್ಟಗೆ ನಿಲ್ಲಿಸಿ, "ಮುಂದಿನ್ ಬೆಳೆಗೆ ಮೊಟ್ಟೆ ಯಾವಾಗ್ಲಾ ತರೋದು?" ಎಂದು ನನ್ನನ್ನು ಕೇಳಿದರು. ಆ ಗೂಡು ರಾಮನಗರದಲ್ಲಿ ಹೇಗೆ ಹೋಯಿತು ಎಂದು ಕೇಳಬೇಡ. ನೂಲು ತೆಗೆಯುವ ರೀಲರುಗಳು ಅಂಗೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ ನಮ್ಮ ಸುತ್ತ ಮುತ್ತಿಕೊಂಡರು. ನಾನು ಮೀಸೆ ತಿರುವುತ್ತ ನಿಂತಿದ್ದೆ.

ಈಗ ತಡವಾಗಿ ಯಾಕೆ ಬರೆದೆ ಎಂದು ಹೇಳುತ್ತೇನೆ. ಮೊನ್ನೆ ಮಾರ್ಕೆಟ್ಟಿನಲ್ಲಿ ಗೂಡು ಹರಡಿಕೊಂಡು ಹರಾಜಿಗೆ ಕಾದಿದ್ದೆ. ಪಕ್ಕದಲ್ಲಿ ಮಾಗಡಿ ಕಡೆಯ ಒಂದು ಹೆಂಗಸು. ನಮ್ಮ ಊರಿಗೂ ಆಕೆಯ ಊರಿಗೂ ನೆಂಟಸ್ತನವೂ ಇಲ್ಲ, ಏನೂ ಇಲ್ಲ. ಹೊತ್ತು ಹೋಗಲಿ ಎಂದು ಸುತ್ತ ಕೂತವರಿಗೆ ಕತೆ ಹೇಳುತ್ತಿದ್ದಳು. ಬೆಟ್ಟದ ಮೇಲೆ ಕೋಟೆ, ಒಳಗೆ ಪಂಡಿತರು, ಕಂಬ ಕಂಬಕ್ಕೂ ಕಂದಕ... ನನ್ನ ಕೂದಲು ನಿಮಿರಿತು.

"ಯಾರಮ್ಮ ಹೇಳಿದ್ದು ಈ ಕತೆ?" ಎಂದೆ.

"ಯಾರೇಳ್ತಾರೆ? ನಮ್ ತಾತನ್ ಕಾಲ್ದಿಂದ್ಲೂ ಐತೆ ಕಣಯ್ಯ, ನಮ್ ಸೀಮೇಲಿ."

"ಇದು ನಮ್ಮಕ್ಕ ಕಟ್ಟಿದ್ ಕತೆ! ಇನ್ನೂ ಹತ್ತು ವರ್ಷ ಆಗಿಲ್ಲ!"

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಪಕ್ಕದವಳಿಗೆ ಹೇಳಿದಳು, "ನೋಡಮ್ಮಿ, ಎಂಥೆಂಥಾ ಸುಳ್ಳುಬುರುಕ್ರು ಬತ್ತಾರೆ ಮಾರ್ಕೆಟ್ಗೆ."

ಜೀವಮಾನದಲ್ಲಿ ಒಂದು ನಿಜ ಹೇಳಿದೆ, ಅದಕ್ಕೆ ಈ ಮರ್ಯಾದೆ! ಜಗಳಕ್ಕೇ ಎದ್ದೆ. ಆದರೆ ಆಕೆ ನನ್ನ ಕಡೆ ಬೆನ್ನು ಹಾಕಿ ಕತೆ ಮುಂದುವರಿಸಿದಳು, ನಾನು ಕೇಳಿಯೇ ಇರದ ಕತೆ. ದೊಡ್ಡ ಪಂಡಿತರು ಎದ್ದರಂತೆ. ಎದ್ದು ನೋಡಿದರೆ ಗಂಡಸಲ್ಲ, ಹೆಂಗಸಂತೆ. ಆಕೆಗೆ ಒಂದಕ್ಷರ ಓದಲು ಬಾರದಂತೆ; ಇಡೀ ಕೋಟೆ ಆಕೆಗೆ ಓದಿ ಹೇಳುತ್ತದಂತೆ. ಕೇಳಿ ಕೇಳಿ, ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಆಕೆ ಹೇಳುತ್ತಾಳಂತೆ, ಪಂಡಿತರು ಬರೆದುಕೊಳ್ಳುತ್ತಾರಂತೆ. ಇದನ್ನು ಕೆಂಪಮ್ಮ ಹೊಲಿದು ಸೇರಿಸಿದಳೋ, ಕನಕಪುರದ ಬಸ್ಸಿನಲ್ಲಿ ಯಾರಾದರೂ ಸೇರಿಸಿದರೋ, ನನಗೆ ಹೇಗೆ ಗೊತ್ತಾಗಬೇಕು? ನಾನು ಮೆಲ್ಲಗೆ ಕೂತೆ. ಹರಾಜಿನವರು ನನ್ನ ಗೂಡಿನ ಲಾಟಿನ ಹತ್ತಿರ ಬಂದು ಎರಡು ಸಲ ಕೂಗಿದರೂ ಏಳಲಿಲ್ಲ.

"ಆಯಮ್ಮ ನೋಡೋಕೆ ಹೆಂಗವ್ಳೆ?" ಎಂದು ಕೇಳಿದೆ.

ಮಾಗಡಿಯಾಕೆ ಗೂಡಿನ ಮೇಲೆ ಕೈಯಾಡಿಸುತ್ತ ಯೋಚನೆ ಮಾಡಿದಳು. "ಕುಳ್ಳಿ. ಬಾಯಿ ಜೋರು. ಪಂಡಿತ್ರಿಗೆಲ್ಲ ಬೈತಾನೇ ಪುಸ್ತಕ ಹಂಚ್ತಾಳೆ. ಎಡಗೈಲಿ."

ಎಡಗೈಯಲ್ಲಿ ಅಕ್ಕಾ.