ಪ್ಯಾನೆಲ್ ಮೇಲೆ ಒದ್ದೆ ಗೋಣಿ

ಕನಕಪುರದ ಹತ್ತಿರದಿಂದ, ಸೋಮವಾರ

ಅಣ್ಣಾ,

ನಿನ್ನೆ ರೇಡಿಯೋದಲ್ಲಿ ನಾವಿಬ್ಬರೂ ಮಾತಾಡುವಾಗ ನೀನು, "ನಿನಗೆ ಹೊಸದು ಕೊಡಿಸೋಕೆ ಅಪ್ಪನ ಹಳೇ ರೇಡಿಯೋ ಸೆಟ್ಟು ಮಾರಿದ್ದಕ್ಕೆ ಇನ್ನೂ ಸಿಟ್ಟಾ?" ಎಂದು ಕೇಳಿದ ಕೂಡಲೇ ನನ್ನ ದನಿ ನಿಂತುಹೋಯಿತಲ್ಲ, ನಾನು ಆಫ್ ಮಾಡಿದ್ದಲ್ಲ. ಬ್ಯಾಟರಿ ಆಗಲೇ ಖಾಲಿಯಾಗಿತ್ತು. ಬಂಡೆಯ ಮೇಲೆ ಹಾಸಿದ್ದ ಸೋಲಾರ್ ಪ್ಯಾನೆಲ್ಲನ್ನೇ ನಂಬಿ ಮಾತಾಡುತ್ತಿದ್ದೆ. ತಿರುಗಿ ನೋಡಿದರೆ ಅದರ ಮೇಲೆ ಒದ್ದೆ ಗೋಣಿಚೀಲ. ನಾನು ಉಳಿದುಕೊಂಡಿರುವ ಮನೆಯ ಕೆಂಚಮ್ಮ, ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದು ತರುತ್ತಿದ್ದವರು, ಪಕ್ಕದಲ್ಲೇ ನಿಂತಿದ್ದರು.

"ಮುಟ್ಟುದ್ರೆ ಕೆಂಡ ಇದ್ದಂಗೈತೆ ಕಣವ್ವ. ಒಸಿ ತಣ್ಗಾಗ್ಲಿ ಅಂತ ಗೋಣಿ ಹೊದಿಸ್ದೆ."

ಇಲ್ಲಿ ಕೊಯ್ದ ಸೊಪ್ಪು ಬಾಡದಂತೆ ಒದ್ದೆ ಗೋಣಿ ಮುಚ್ಚುತ್ತಾರೆ. ತಮ್ಮ ಸೊಪ್ಪಿನ ಮೇಲಿದ್ದುದನ್ನೇ ತೆಗೆದು ನನ್ನ ಪ್ಯಾನೆಲ್ಲಿಗೆ ಹೊದಿಸಿದ್ದರು. ಸೊಪ್ಪಿನ ಹೊರೆ ಬಿಸಿಲಲ್ಲೇ ಬಾಡುತ್ತಿತ್ತು. ಗೋಣಿ ಎತ್ತಿ ಮತ್ತೆ ಸೊಪ್ಪಿಗೇ ಹೊದಿಸಿದೆ.

ಮೂಗು ಸುಟ್ಟು ಸಿಪ್ಪೆ ಏಳುತ್ತಿರುವುದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಮಾತಾಡಿದವರಿಗೆ ಕಾರ್ಡು ಕಳಿಸುವುದು ನಮ್ಮ ಹ್ಯಾಮ್ ರೇಡಿಯೋ ಹವ್ಯಾಸಿಗಳ ರೂಢಿಯಲ್ಲವೇ, ಅದಕ್ಕೇ ಇದು. ಜಾಗ ಮುಗಿಯುತ್ತಾ ಬಂತು. ನೀನು ಕೇಳಿದ್ದಕ್ಕೆ ಉತ್ತರ: ಸಿಟ್ಟು ಇತ್ತು, ಆ ಗೋಣಿ ಎತ್ತುವವರೆಗೆ.

ನಿನ್ನ ತಂಗಿ
ಸುಗುಣ