ಗೋಡೆಗೆ ಬಂದ ಮದುವೆ ಸರ್ಟಿಫಿಕೇಟು

ಮನೆಯಿಂದ,
ಒಂಬತ್ತನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಹೇಗಿದ್ದೀಯಾ? ಬೆಳಗಿನ ಕೆಮ್ಮು ನಿಂತಿತೇ? ಮಗಳ ಮನೆಯ ನೀರು ಒಗ್ಗಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಯಾವಾಗ ಮಾಡಿದರೂ ಎತ್ತುವವಳು ಮಗಳು. “ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ ಅಪ್ಪಾ” ಅನ್ನುತ್ತಾಳೆ. ದಿನಕ್ಕೆ ಎಷ್ಟು ಸಲ ಸ್ನಾನ ಮಾಡುತ್ತೀ ನೀನು? ಕೊನೆಗೆ ಸಿಕ್ಕರೂ “ಊಟ ಆಯ್ತಾ, ಗ್ಯಾಸ್ ಆಫ್ ಮಾಡಿದ್ರಾ” ಎಂದು ಎರಡು ಮಾತಾಡಿ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಗಿತ್ತು, ಒರೆಸಿದ್ದೇನೆ. ನೀನು ಬಂದು ನೋಡಿದರೆ ಒರೆಸಿಲ್ಲ ಅನ್ನುತ್ತೀ, ಅದು ಬೇರೆ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಹೊರಡುವ ಹಿಂದಿನ ದಿನ ಮುಂದಿನ ಕೋಣೆಯಲ್ಲಿ ಕ್ಯಾಲೆಂಡರ್ ತೆಗೆದು ಅದೇ ಮೊಳೆಗೆ ನಮ್ಮ ಮದುವೆ ಸರ್ಟಿಫಿಕೇಟನ್ನು ನೇತುಹಾಕಿ ಹೋದೆಯಲ್ಲ, ಅದು ಏಕೆ? ಆವತ್ತು ಕೇಳಿದ್ದಕ್ಕೆ “ಚೆನ್ನಾಗಿ ಕಾಣತ್ತೆ, ಇರ್ಲಿ ಬಿಡ್ರೀ” ಎಂದು ಹಾರಿಕೆಯ ಉತ್ತರ ಕೊಟ್ಟೆ. ಚೆನ್ನಾಗಿ ಕಾಣುವಂಥದ್ದು ಅದರಲ್ಲಿ ಏನಿದೆ? ಒಂದು ಮೊಹರು, ಯಾರದೋ ವಕ್ರ ಸಹಿ, ನಮ್ಮಿಬ್ಬರ ಎರಡು ಚಿಕ್ಕ ಫೋಟೊ. ನನ್ನದರಲ್ಲಿ ನಾನು ಜೇಬುಗಳ್ಳನ ಹಾಗಿದ್ದೇನೆ. ಮೊಮ್ಮಗಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ, ಈ ವರ್ಷ ಮಗಳು ಹಠ ಹಿಡಿದು ನಮ್ಮಿಬ್ಬರನ್ನೂ ನೋಂದಣಿ ಕಚೇರಿಗೆ ಎಳೆದುಕೊಂಡು ಹೋಗಿ ಮಾಡಿಸಿದ ಕಾಗದ ಅದು. ಅಲ್ಲಿಯವರೆಗೆ ಯಾವ ಕಾಗದವೂ ಇಲ್ಲದೆ ನಾವು ಚೆನ್ನಾಗಿಯೇ ಜಗಳವಾಡಿಕೊಂಡು ಇರಲಿಲ್ಲವೇ?

ನಿನ್ನ ಗಂಡ ಎಂಥ ಕೆಲಸದಲ್ಲಿದ್ದವನು ಎಂಬುದನ್ನು ನೀನು ಮರೆತಿರಬೇಕು. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿ ತಿರುಗಿ ತಕ್ಕಡಿ ನೋಡಿದ ಕಣ್ಣು ಇದು. ತಕ್ಕಡಿಗೆ ಮುದ್ರೆ ಬಿದ್ದಿದೆ ಎಂಬ ಸರ್ಟಿಫಿಕೇಟನ್ನು ಎಲ್ಲ ಅಂಗಡಿಯವರೂ ಗೋಡೆಗೆ ಹಾಕಲೇಬೇಕಿತ್ತು. ಆದರೆ ಯಾರು ಅದಕ್ಕೆ ಗಾಜು ಕೂರಿಸಿ, ಧೂಳು ಒರೆಸಿ, ನಾನು ಒಳಗೆ ಕಾಲಿಡುತ್ತಲೇ “ನೋಡಿ ಸಾರ್, ಅಲ್ಲಿದೆ” ಎಂದು ಬೆರಳು ಮಾಡಿ ತೋರಿಸುತ್ತಿದ್ದರೋ, ಅವರ ತಕ್ಕಡಿಯ ತಟ್ಟೆಯನ್ನೇ ನಾನು ಮೊದಲು ಬೋರಲು ಹಾಕಿ ನೋಡುತ್ತಿದ್ದದ್ದು. ಎಷ್ಟೋ ಸಲ ತೂಕದಲ್ಲಿ ಮೋಸ ಮಾಡಲು ಅಡಿಯಲ್ಲಿ ಅಂಟಿಸಿದ ಸೀಸದ ಚೂರು ಸಿಕ್ಕಿದೆ. ಈಗ ನನ್ನ ಮನೆಯ ಗೋಡೆಯಲ್ಲೇ ಗಾಜು ಹಾಕಿದ ಸರ್ಟಿಫಿಕೇಟು ನೇತಾಡುತ್ತಿದ್ದರೆ ನಾನು ಹೇಗೆ ಸುಮ್ಮನಿರಲಿ, ನೀನೇ ಹೇಳು.

ಮೊದಲು ನನ್ನ ಅನುಮಾನ ಹೋದದ್ದು ಮಂಡಿಗೆ ವ್ಯಾಯಾಮ ಹೇಳಿಕೊಡಲು ಬರುವ ಹುಡುಗಿಯ ಕಡೆಗೆ. ಅವಳ ಮೇಲಲ್ಲ ಮಾರಾಯ್ತಿ, ಅವಳ ವಿಷಯದಲ್ಲಿ ನಿನ್ನ ಮೇಲೆ. ನೀನಿಲ್ಲದಾಗ ವಯಸ್ಸಿನ ಹುಡುಗಿಯೊಬ್ಬಳು ಬಂದು ಗಂಡನ ಕಾಲು ಹಿಡಿದು ಎತ್ತಿ ಇಳಿಸುತ್ತಾಳೆ, ಅವಳ ಕಣ್ಣಿಗೆ ಕಾಣುವ ಹಾಗೆ ಒಂದು ಬೋರ್ಡು ಇರಲಿ ಎಂದುಕೊಂಡೆಯೋ ಏನೋ. ಹಾಗಿದ್ದರೆ ನನಗೆ ಸ್ವಲ್ಪ ಖುಷಿಯೇ. ಆದರೆ ಅವಳು ಅದನ್ನು ಓದಿ, ನೋಂದಣಿಯಾದ ತಾರೀಖು ನೋಡಿ, “ತಾತಾ, ಹೊಸ ಮದುವೆನಾ? ಸ್ವೀಟ್ ಎಲ್ಲಿ?” ಎಂದು ನಕ್ಕಿದ್ದೇ ನಕ್ಕಿದ್ದು. ನಗುವಾಗ ನನ್ನ ಕಾಲು ಅವಳ ಕೈಯಲ್ಲೇ ಇತ್ತು. ಮಂಡಿ ಇನ್ನೂ ನೋಯುತ್ತಿದೆ.

ಆಮೇಲೆ ಎದುರುಮನೆ ಬ್ಯಾಂಕಿನವರು ಹೆಂಡತಿ ಸಮೇತ ಬಂದರು. ಅವರಿಗೆ ಅದು ಬಹಳ ಹಿಡಿಸಿತು. ಡಿಗ್ರಿ ಸರ್ಟಿಫಿಕೇಟು ಹಾಕುತ್ತೇವೆ, ಓಟದಲ್ಲಿ ಗೆದ್ದದ್ದನ್ನು ಹಾಕುತ್ತೇವೆ, ಇದನ್ನು ಮಾತ್ರ ಬಟ್ಟೆಯ ಅಡಿಯಲ್ಲಿ ಬಚ್ಚಿಡುತ್ತೇವೆ, ಪ್ರತಿಯೊಂದು ಮನೆಯಲ್ಲೂ ಹಾಕಬೇಕು ಎಂದು ಭಾಷಣ ಬಿಗಿದರು. ಅವರ ಹೆಂಡತಿ ಮೂಗು ಮುರಿದು, “ಗಟ್ಟಿಯಾಗಿರೋ ಮನೇಲಿ ಯಾರೂ ಹಾಕಲ್ಲ” ಎಂದುಬಿಟ್ಟರು. ಆಕೆ ತಮಾಷೆಗೇ ಅಂದದ್ದು, ಆದರೆ ನನ್ನ ತಲೆಯೊಳಗೆ ಹುಳ ಬಿಟ್ಟು ಹೋದರು. ಅವರು ಹೋದ ಮೇಲೆ ನಾನು ಆ ಕುರ್ಚಿಯಲ್ಲೇ ಕೂತು ಯೋಚಿಸಿದೆ. ಗಟ್ಟಿಯಾಗಿಲ್ಲವೇ ನಮ್ಮದು?

ನಂತರ ಒಂದೊಂದೇ ನೆನಪಾಯಿತು. ಮಗಳು ಮನೆ ಬದಲಾಯಿಸುತ್ತಿದ್ದಾಳೆ, ಸಹಾಯಕ್ಕೆ ಹೋಗುತ್ತೇನೆ ಎಂದೆ. ಸಾಮಾನು ಹೊರುವ ವಯಸ್ಸೇ ನಿನ್ನದು? ಹೋಗುವ ಮೊದಲು ಒಂದು ವಾರ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಯಾವ ಡಬ್ಬಿ ಎಲ್ಲಿದೆ ಎಂದು ಪಾಠ ಮಾಡಿದೆ, ಮಾರನೇ ದಿನ ಪರೀಕ್ಷೆ ಬೇರೆ ತೆಗೆದುಕೊಂಡೆ. ಒಳ್ಳೆಯ ಬಟ್ಟೆ ಒಂದನ್ನೂ ಒಯ್ಯಲಿಲ್ಲ, ಹಳೆಯ ಮೆತ್ತನೆಯವನ್ನೇ ಆರಿಸಿಕೊಂಡೆ. ನಿನ್ನೆ ನನ್ನ ಕನ್ನಡಕ ಹುಡುಕುತ್ತ ಬೀರು ತೆಗೆದರೆ, ನಾನು ನಿನಗೆ ಕೊಟ್ಟ ಉಂಗುರ, ಕಿವಿಯೋಲೆ, ಬಳೆ ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟಿದ್ದೀ. ಬಟ್ಟೆ ತೊಳೆಯುವಾಗಲೂ ತೆಗೆಯದ ಉಂಗುರ ಅದು. ಯಾರಾದರೂ ಕೊಟ್ಟದ್ದನ್ನೆಲ್ಲ ಹೀಗೆ ಗಂಟು ಕಟ್ಟಿ ಇಟ್ಟು ಹೋದರೆ ಅದಕ್ಕೆ ಏನು ಅರ್ಥ?

ಕೊನೆಗೆ ಫ್ರೇಮನ್ನೇ ಕೆಳಗಿಳಿಸಿ ಬೋರಲು ಹಾಕಿದೆ. ಸೀಸದ ಚೂರೇನೂ ಇರಲಿಲ್ಲ. ಆದರೆ ಹಿಂದೆ ಮೊಳೆ ಹೊಡೆದಿಲ್ಲ, ಕಾಗದ ಅಂಟಿಸಿಲ್ಲ, ಬರೀ ತಿರುಗಿಸುವ ನಾಲ್ಕು ಕೊಕ್ಕೆ. ಬೆರಳಲ್ಲಿ ತಿರುವಿದರೆ ಸರ್ಟಿಫಿಕೇಟು ಕೈಗೆ ಬರುತ್ತದೆ. ನಮ್ಮ ಫ್ರೇಮಿನ ಅಂಗಡಿಯವನು ಅರ್ಧ ಕೆಲಸ ಮಾಡುವವನಲ್ಲ. ಇದನ್ನು ಅಂಚೆಗೆ ಹಾಕಲು ಹೋಗುವಾಗ ಅವನನ್ನು ವಿಚಾರಿಸುತ್ತೇನೆ.

ಸುತ್ತಿ ಬಳಸಿ ಸಾಕಾಯಿತು. ನೇರವಾಗಿ ಕೇಳುತ್ತೇನೆ. ನೀನು ವಾಪಸ್ ಬರುತ್ತೀಯೋ ಇಲ್ಲವೋ? ನನ್ನ ಮೇಲೆ ಸಿಟ್ಟಿದ್ದರೆ ಬಂದು ಬೈ, ಇಲ್ಲಿ ಗೋಡೆಗೆ ನೇತುಹಾಕಿ ಅಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಡ. ನೀನಿಲ್ಲದ ಮನೆಯಲ್ಲಿ ನನಗೆ ಇರಲಾಗುತ್ತಿಲ್ಲ. ಮೊಮ್ಮಗಳಿಗೆ ಮುದ್ದು. ಅಳಿಯನಿಗೆ ಕೇಳಿದೆನೆಂದು ಹೇಳು. ಮಗಳ ಮೇಲೂ ನನಗೆ ಅನುಮಾನವಿದೆ, ಆದರೂ ಆಶೀರ್ವಾದ.

ಇತಿ,
ನಿನ್ನ “ರೀ”

ತಾ.ಕ.: ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಇದನ್ನು ಅಂಚೆಗೆ ಹಾಕಲಿಲ್ಲ. ಫ್ರೇಮಿನವನು ನನ್ನನ್ನು ನೋಡಿ, “ಗುರುವಾರ ಅಮ್ಮನವರ ಆಪರೇಷನ್ ಅಲ್ವಾ, ನೀವಿನ್ನೂ ಹೊರಟಿಲ್ವಾ?” ಎಂದ. ಕೊಕ್ಕೆ ಹಾಕಲು ಹೇಳಿದವಳು ನೀನೇ ಅಂತೆ. “ನಮ್ಮನೆಯವರು ಯಾವ ಕಾಗದಾನೂ ಇಟ್ಟಲ್ಲಿ ಬಿಡಲ್ಲ, ನಾಳೆ ನಾನಿಲ್ಲ ಅಂದ್ರೆ ನನ್ನ ಪೆನ್ಷನ್ ಅವರಿಗೆ ಬರೋದಕ್ಕೆ ಇದು ಬೇಕು, ಗೋಡೆ ಮೇಲಿದ್ರೆ ಕಳೆಯಲ್ಲ, ಸುಲಭವಾಗಿ ತೆಗೆಯೋ ಹಾಗಿರ್ಲಿ” ಅಂದೆಯಂತೆ. ಇವಳೇ, ನಿನಗೇನು ಬುದ್ಧಿಗಿದ್ದಿ ಕೆಟ್ಟಿದೆಯಾ? ಯಾರಿಗೆ ಬೇಕು ನಿನ್ನ ಹೊಲಿಗೆ ಟೀಚರ್ ಪೆನ್ಷನ್ನು? ಫ್ರೇಮಿನವನಿಗೆ ಹೇಳಿದ್ದನ್ನು ನನಗೆ ಹೇಳಬಾರದಿತ್ತಾ? ಅವನೆದುರಿಗೇ ಅತ್ತುಬಿಟ್ಟೆ, ಅವನು ಪಾಪ ಗಾಜು ಒರೆಸುವ ಬಟ್ಟೆ ಕೊಟ್ಟ. ಬಸ್ಸು ಬಂತು. ಈ ಕಾಗದವನ್ನು ನಾನೇ ತಂದು ಕೊಡುತ್ತೇನೆ, ಗುರುವಾರದ ಮೊದಲು ಓದಿ ಚೆನ್ನಾಗಿ ನಗು. ಸರ್ಟಿಫಿಕೇಟು ತಂದಿಲ್ಲ. ವಾರ್ಡಿನ ಬಾಗಿಲಲ್ಲಿ ನನ್ನನ್ನು ತಡೆದು “ನೀವು ಅವರಿಗೆ ಏನಾಗಬೇಕು” ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಆಪರೇಷನ್‌ಗೆ ಮೊದಲೂ ನೀನೇ ಹೇಳಬೇಕು, ಆಮೇಲೆ ಎಚ್ಚರವಾದ ಮೇಲೂ ನೀನೇ ಹೇಳಬೇಕು.